ನಂಜುಂಡಯ್ಯನವರೂ ಕನ್ನಡದ ವ್ಯವಹಾರಶಾಸ್ತ್ರವೂ

ಯಾಜ್ಞವಲ್ಕ್ಯಸ್ಮೃತಿಯು ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳಾಗಿ ವಿಭಕ್ತವಾಗಿದೆ. ಇಲ್ಲಿ ‘ವ್ಯವಹಾರ’ವೆಂದರೆ ಈಗಿನ ರೂಢಿಯಂತೆ ಕೊಡುಕೊಳ್ಳುವಿಕೆಯಲ್ಲ, ವಾದಿ ಪ್ರತಿವಾದಿಗಳ ವಿವಾದವನ್ನು ನಿರ್ಣಯಿಸುವ ಕ್ರಮ. ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ವಂಗದೇಶವನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಪಿತ್ರಾರ್ಜಿತ ಸ್ವತ್ತಿನ ವಿಭಾಗಕ್ಕೆ ಅದೇ ಪ್ರಮಾಣವಾಯಿತು. ಆದರೆ ಆ ಶಾಸ್ತ್ರವಿದ್ದುದು ಸಂಸ್ಕೃತದಲ್ಲಿ. ಬಳಿಕ ಆಂಗ್ಲರ ನ್ಯಾಯಪದ್ಧತಿ ಬಂದುದು ಇಂಗ್ಲಿಷಿನಲ್ಲಿ. ನ್ಯಾಯವನ್ನು ಬೇಡಿ ಬಂದ ಮೈಸೂರು ಸೀಮೆಯ ರೈತನ ಭಾಷೆಯಾದರೋ ಕನ್ನಡ. ಈ ಅಂತರವನ್ನು ತುಂಬಲು ಯತ್ನಿಸಿದವರಲ್ಲಿ ರಾಜಮಂತ್ರಪ್ರವೀಣ ಎಚ್. ವಿ. ನಂಜುಂಡಯ್ಯನವರು ಗಣ್ಯರು.

೧೮೬೦ರಲ್ಲಿ ಜನಿಸಿದ ಇವರು ಮದರಾಸಿನಲ್ಲಿ ಉಚ್ಚಶಿಕ್ಷಣವನ್ನು ಪಡೆದು, ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಚೀಫ್ ಕೋರ್ಟಿನ ನ್ಯಾಯಾಧೀಶರಾಗಿಯೂ ರಾಜ್ಯದ ಮಂತ್ರಾಲೋಚನಸಭೆಯ ಸದಸ್ಯರಾಗಿಯೂ ಕಾರ್ಯಮಾಡಿದರು. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಥಮ ಉಪಕುಲಪತಿಗಳೂ ಇವರೇ.

ಇವರ ಕನ್ನಡ ಗ್ರಂಥಗಳ ಹೆಸರುಗಳೇ ವಿಚಾರಾರ್ಹವಾಗಿವೆ. ‘ವ್ಯವಹಾರ ದೀಪಿಕೆ’ಯಲ್ಲಿ ವ್ಯವಹಾರಶಬ್ದವು ಸ್ಮೃತಿಕಾರರ ಅರ್ಥದಲ್ಲಿಯೇ ನಿಂತಿದೆ. ‘ಲೇಖ್ಯಬೋಧಿನಿ’ಯ ಲೇಖ್ಯವೆಂದರೆ ಪತ್ರ, ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಪ್ರಮಾಣತ್ರಯದಲ್ಲಿ ಮೊದಲನೆಯದು. ‘ಅರ್ಥಶಾಸ್ತ್ರ’ವೆಂಬ ಹೆಸರಿನ ಗತಿ ಬೇರೆ. ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಗ್ರಂಥದಲ್ಲಿ ಅದು ರಾಜ್ಯಪಾಲನದ ವಿದ್ಯೆ. ನಂಜುಂಡಯ್ಯನವರ ಪುಸ್ತಕದಲ್ಲಿ ಸಂಪತ್ತಿನ ವಿಚಾರ. ಕನ್ನಡದಲ್ಲಿ ಈಚಿನ ಅರ್ಥವೇ ರೂಢವಾಯಿತು. ಹೊಸ ವಿಷಯಕ್ಕೆ ಹಳೆಯ ಶಾಸ್ತ್ರದ ಮಾತನ್ನು ಒಮ್ಮೆ ಇದ್ದಂತೆಯೇ, ಒಮ್ಮೆ ಅರ್ಥವನ್ನು ತಿರುಗಿಸಿ ಬಳಸುವ ಈ ಕ್ರಮವು ಪರಿಭಾಷಾರಚನೆಯಲ್ಲಿ ತೊಡಗಿರುವವರಿಗೆ ಅನುಸರಣೀಯವಾದುದು.

ಮೈಸೂರಿನ ಜಾತಿ ಬುಡಕಟ್ಟುಗಳನ್ನು ಕುರಿತ ಇವರ ಮಹಾಕೃತಿಯು ಇಂಗ್ಲಿಷಿನಲ್ಲಿದೆ, ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಅದನ್ನು ಪೂರೈಸಿ, ೧೯೨೮–೧೯೩೫ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದರು. ವಿದ್ವಲ್ಲೋಕವು ಇವರನ್ನು ಸ್ಮರಿಸುವುದು ಹೆಚ್ಚಾಗಿ ಅದರಿಂದಲೇ. ಕಿರಿಯ ಕನ್ನಡ ಪುಸ್ತಕಗಳು ಮರೆಗೆ ಸರಿದಿವೆ. ಇದು ನ್ಯಾಯವಲ್ಲ. ೧೯೧೫ರಲ್ಲಿ ಬೆಂಗಳೂರಿನ ಪ್ರಥಮ ಸಾಹಿತ್ಯಸಮ್ಮೇಲನಕ್ಕೂ ಆಗ ಹುಟ್ಟಿದ ಪರಿಷತ್ತಿಗೂ ಇವರು ಅಧ್ಯಕ್ಷರಾದರು. ಕವಿಗಳಲ್ಲದ ನ್ಯಾಯಾಧೀಶರಿಗೆ ಆ ಪೀಠವು ಹೇಗೆ ಸಂದಿತೆಂಬ ಶಂಕೆಗೆ ಸಮಾಧಾನವು ಆ ಕಿರುಪುಸ್ತಕಗಳಲ್ಲಿಯೇ ಇದೆ. ಕಾವ್ಯವೈಭವವುಳ್ಳ ಭಾಷೆಗೆ ಆಗ ಕೊರತೆಯಾಗಿದ್ದುದು ಶಾಸ್ತ್ರಸಾಮರ್ಥ್ಯ. ೧೯೨೦ರಲ್ಲಿ ತೀರಿಕೊಂಡ ಇವರು ಆ ಸಾಮರ್ಥ್ಯವು ಕನ್ನಡಕ್ಕೆ ಸಾಧ್ಯವೆಂಬುದನ್ನು ವಾದದಿಂದಲ್ಲ, ಲೇಖ್ಯಪ್ರಮಾಣದಿಂದಲೇ ಸಾಧಿಸಿದರು.