ಮೊಳಕೆಯಲ್ಲಿ ಸಿರಿಯನ್ನು ಅಳೆಯುವುದು ಹೇಗೆ?

‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಊರು ಬಿಟ್ಟು ಮುಂಬಯಿ ಸೇರಿ ಮೂರು ತಲೆಮಾರು ಕಳೆದ ಮನೆಗಳಲ್ಲಿಯೂ ಈ ಮಾತು ಉಳಿದುಕೊಂಡಿದೆ. ಇತ್ತೀಚೆಗೆ ನಮ್ಮ ಸಂಘದ ವಾಚನಾಲಯದಲ್ಲಿ ಹಿರಿಯ ಸದಸ್ಯರೊಬ್ಬರು ಇದೇ ಗಾದೆಯನ್ನು ತುಸು ಬೇಸರದಿಂದ ನೆನೆದರು. ಕೆನಡಾದ ಟೊರೊಂಟೊ ಬಳಿ ನೆಲೆಸಿರುವ ಅವರ ಮಗಳ ಮಗ, ಹದಿನಾಲ್ಕರ ಹುಡುಗ, ಐಸ್ ಹಾಕಿಯ ಮೇಲ್ದರ್ಜೆಯ ತಂಡಕ್ಕೆ ಈ ಬಾರಿ ಆಯ್ಕೆಯಾಗಲಿಲ್ಲವಂತೆ. “ಮೊಳಕೆಯಲ್ಲಿಯೇ ಕಾಣದ್ದು ಮುಂದೇನು ಕಂಡೀತು? ಆಟ ಸಾಕು ಮಗೂ ಎಂದು ಫೋನಿನಲ್ಲಿ ಹೇಳಿಬಿಟ್ಟೆ” ಎಂದರು.

ಆ ಮಾತು ನಮ್ಮನ್ನು ಕೆಲವು ದಿನ ಕಾಡಿತು. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಾ ವರ್ಷಗಳನ್ನು ಕಳೆದ ನಮಗೆ, ಹಿಂದಿನ ಲೆಕ್ಕಪತ್ರ ನೋಡಿ ಮುಂದಿನ ಭವಿಷ್ಯ ನುಡಿಯುವುದು ಎಷ್ಟು ತೊಡಕಿನ ಕೆಲಸವೆಂಬುದು ಗೊತ್ತು. ಹದಿಹರೆಯದ ಆಟಗಾರರ ಭವಿಷ್ಯವನ್ನು ಅಳೆಯುವುದನ್ನೇ ವೃತ್ತಿಯಾಗಿಸಿಕೊಂಡವರು ಉತ್ತರ ಅಮೆರಿಕದಲ್ಲಿದ್ದಾರೆ. ಅವರು ಏನನ್ನು ನೋಡುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ನಾವು ಓದಿ ತಿಳಿದಷ್ಟರ ಮಟ್ಟಿಗೆ ಇಲ್ಲಿ ವಿವರಿಸುತ್ತೇವೆ.

ಡ್ರಾಫ್ಟ್ ಎಂಬ ವ್ಯವಸ್ಥೆ

ಐಸ್ ಹಾಕಿಯ ಅತ್ಯುನ್ನತ ವೃತ್ತಿಪರ ವೇದಿಕೆ ನ್ಯಾಷನಲ್ ಹಾಕಿ ಲೀಗ್. ಅದರಲ್ಲಿ ಅಮೆರಿಕದ 25 ಹಾಗೂ ಕೆನಡಾದ 7 ತಂಡಗಳಿವೆ. ಕಿರಿಯ ಆಟಗಾರರನ್ನು ಈ ತಂಡಗಳಿಗೆ ಹಂಚುವ ವಾರ್ಷಿಕ ಆಯ್ಕೆಗೆ ಡ್ರಾಫ್ಟ್ ಎಂದು ಹೆಸರು. 1963ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಮೊದಲ ಡ್ರಾಫ್ಟ್ ನಡೆದಾಗ ಆಯ್ಕೆಯಾದವರು ಕೇವಲ 21 ಮಂದಿ. ಈಗ ಏಳು ಸುತ್ತುಗಳಲ್ಲಿ ಇನ್ನೂರಕ್ಕೂ ಹೆಚ್ಚು ಹುಡುಗರು ಆಯ್ಕೆಯಾಗುತ್ತಾರೆ. ಹಿಂದಿನ ಋತುವಿನಲ್ಲಿ ಹಿಂದುಳಿದ ತಂಡಗಳಿಗೆ ಮೊದಲು ಆರಿಸುವ ಅವಕಾಶ. ಅವುಗಳೊಳಗೆ ಅಗ್ರಸ್ಥಾನ ಯಾರಿಗೆಂಬುದನ್ನು 1995ರಿಂದ ಲಾಟರಿಯ ಮೂಲಕ ನಿರ್ಧರಿಸಲಾಗುತ್ತಿದೆ.

ಡ್ರಾಫ್ಟ್ ಆದೊಡನೆ ಹುಡುಗನಿಗೆ ನೌಕರಿ ಸಿಕ್ಕಿತೆಂದಲ್ಲ. ಅವನೊಡನೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಆ ತಂಡಕ್ಕೆ ಸಿಗುತ್ತದೆ, ಅಷ್ಟೇ. ಬಹುಪಾಲು ಹುಡುಗರು ಮತ್ತೆ ಕಿರಿಯರ ಲೀಗಿಗೋ ಕಾಲೇಜಿಗೋ ಮರಳಿ ಇನ್ನೂ ಕೆಲವು ವರ್ಷ ಪಳಗಬೇಕು. ಅಂದರೆ ಆರಿಸುವವರು ನೋಡುತ್ತಿರುವುದು ಇಂದಿನ ಹದಿನೇಳು-ಹದಿನೆಂಟರ ಹುಡುಗನನ್ನು. ಊಹಿಸಬೇಕಾಗಿರುವುದು ಇಪ್ಪತ್ತಮೂರರ ಗಂಡಾಳನ್ನು.

ಕಣ್ಣಿಗೆ ಕಾಣುವುದು

ತಂಡಗಳ ಪ್ರತಿಭಾಶೋಧಕರನ್ನು ಸ್ಕೌಟ್ ಎನ್ನುತ್ತಾರೆ. ಚಳಿಗಾಲವಿಡೀ ಊರೂರು ಅಲೆದು, ಒಬ್ಬನೇ ಹುಡುಗನನ್ನು ಹಲವು ಪಂದ್ಯಗಳಲ್ಲಿ ಕಾಣುವುದು ಇವರ ಕೆಲಸ. ಲೀಗಿನ ವತಿಯಿಂದಲೇ 1975ರಲ್ಲಿ ಸ್ಥಾಪಿತವಾದ ಸೆಂಟ್ರಲ್ ಸ್ಕೌಟಿಂಗ್ ಎಂಬ ವಿಭಾಗವೂ ಹುಡುಗರ ಶ್ರೇಯಾಂಕ ಪಟ್ಟಿಯನ್ನು ಪ್ರಕಟಿಸುತ್ತದೆ.

ಗೋಲು ಹೊಡೆದವನನ್ನು ಯಾರಾದರೂ ಗುರುತಿಸಬಲ್ಲರು. ಅನುಭವಿ ಸ್ಕೌಟ್ ನೋಡುವುದು ಬೇರೆಯದನ್ನು. ಮೊದಲನೆಯದು ಸ್ಕೇಟಿಂಗ್. 200 ಅಡಿ ಉದ್ದ, 85 ಅಡಿ ಅಗಲದ ಹಿಮದ ಅಂಗಳದಲ್ಲಿ ಆಟಗಾರರು ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಶಕ್ತಿಮೀರಿ ಆಡಿ ಹೊರಬರುತ್ತಾರೆ, ಮತ್ತೆ ಒಳಹೋಗುತ್ತಾರೆ. ನೇರ ಓಟದ ವೇಗಕ್ಕಿಂತ ಮೊದಲ ನಾಲ್ಕು ಹೆಜ್ಜೆಗಳ ಚುರುಕು, ತಿರುವಿನಲ್ಲಿ ವೇಗ ಕಳೆದುಕೊಳ್ಳದಿರುವುದು ಮುಖ್ಯ.

ಎರಡನೆಯದು ಆಟದ ಅರಿವು. ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ತನ್ನತ್ತ ಬರುವ ಮುನ್ನವೇ ಹುಡುಗ ಹೆಗಲ ಮೇಲಿಂದ ಹಿಂದಿರುಗಿ ನೋಡಿ ಯಾರು ಎಲ್ಲಿದ್ದಾರೆಂದು ಅರಿತಿದ್ದಾನೆಯೇ? ಪಕ್ ತನ್ನ ಬಳಿ ಇಲ್ಲದಾಗ ಅವನು ಎಲ್ಲಿ ನಿಲ್ಲುತ್ತಾನೆ? ದೇಹಬಲವನ್ನು ವ್ಯಾಯಾಮದಿಂದ ಬೆಳೆಸಬಹುದು. ಈ ಅರಿವನ್ನು ಹೊರಗಿನಿಂದ ತುಂಬುವುದು ಕಷ್ಟವೆಂದು ಬಲ್ಲವರು ಹೇಳುತ್ತಾರೆ. ಮೂರನೆಯದು ಛಲ. ತನ್ನ ತಪ್ಪಿನಿಂದ ಎದುರಾಳಿಗೆ ಗೋಲು ಸಿಕ್ಕ ಮೇಲೆ ಮುಂದಿನ ಸರದಿಯಲ್ಲಿ ಅವನು ಹೇಗೆ ಆಡುತ್ತಾನೆ ಎಂಬುದನ್ನು ಸ್ಕೌಟ್ ತಪ್ಪದೆ ಗಮನಿಸುತ್ತಾನೆ.

ಅಂಕಿಗಳು ಹೇಳುವುದು, ಹೇಳದಿರುವುದು

ಗೋಲಿಗೆ ಒಂದು ಅಂಕ, ಗೋಲಿಗೆ ನೆರವಾದ ಪಾಸಿಗೂ ಒಂದು ಅಂಕ – ಇದು ಈ ಆಟದ ಲೆಕ್ಕ. ಆದರೆ ಅಂಕಗಳ ಮೊತ್ತವನ್ನು ಹಾಗೆಯೇ ಹೋಲಿಸಿದರೆ ಮೋಸ ಹೋಗುತ್ತೇವೆ. ಕಿರಿಯರ ಲೀಗಿನಲ್ಲಿ ಹೇರಳವಾಗಿ ಅಂಕ ಗಳಿಸಿದವನಿಗಿಂತ, ಸ್ವೀಡನ್ ದೇಶದ ಹಿರಿಯರ ಲೀಗಿನಲ್ಲಿ ಬಲಿತ ಗಂಡಸರ ನಡುವೆ ಆಡಿ ಹತ್ತೇ ಅಂಕ ಗಳಿಸಿದ ಹದಿನೇಳರ ಹುಡುಗ ಮೇಲಾಗಿರಬಹುದು. ಆದ್ದರಿಂದ ಒಂದೊಂದು ಲೀಗಿನ ಕಠಿಣತೆಗೆ ತಕ್ಕ ಗುಣಕದಿಂದ ಅಂಕಗಳನ್ನು ಪರಿವರ್ತಿಸುವ ವಿಧಾನಗಳು ರೂಢಿಗೆ ಬಂದಿವೆ. ಬೇರೆ ಬೇರೆ ದೇಶಗಳ ಹಣವನ್ನು ಒಂದೇ ನಾಣ್ಯಕ್ಕೆ ತಂದು ಲೆಕ್ಕ ಹಾಕುವ ನಮ್ಮ ಬ್ಯಾಂಕಿನ ಕೆಲಸದಂತೆಯೇ ಇದು. ಜೊತೆಗಾರ ಅಸಾಧಾರಣ ಆಟಗಾರನಾಗಿದ್ದರೆ ಅವನ ನೆರಳಿನಲ್ಲಿ ಇವನ ಅಂಕವೂ ಏರಿರುತ್ತದೆ. ಅದನ್ನೂ ಕಳೆದು ನೋಡಬೇಕು.

ಇನ್ನು ದೇಹಪರೀಕ್ಷೆ. ಡ್ರಾಫ್ಟಿಗೆ ಮುನ್ನ ಆಯ್ದ ಹುಡುಗರನ್ನು ಒಂದೆಡೆ ಕರೆಸಿ ಸೈಕಲ್ ತುಳಿತ, ಜಿಗಿತ ಮುಂತಾದ ಪರೀಕ್ಷೆ ನಡೆಸಿ, ತಂಡಗಳವರು ಸಂದರ್ಶನವನ್ನೂ ಮಾಡುತ್ತಾರೆ. 2014ರಲ್ಲಿ ಸ್ಯಾಮ್ ಬೆನೆಟ್ ಎಂಬ ಹುಡುಗ ಕಂಬಿಗೆ ಜೋತು ದೇಹವನ್ನು ಮೇಲೆತ್ತುವ ಪರೀಕ್ಷೆಯಲ್ಲಿ ಒಂದು ಬಾರಿಯೂ ಸಫಲನಾಗಲಿಲ್ಲ. ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿಯಾಯಿತು. ಆದರೂ ಕ್ಯಾಲ್ಗರಿ ತಂಡ ಅವನನ್ನು ನಾಲ್ಕನೆಯವನಾಗಿ ಆರಿಸಿತು. ಅದೇ ಬೆನೆಟ್ 2025ರಲ್ಲಿ ಫ್ಲೋರಿಡಾ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್ ಪಂದ್ಯಗಳ ಅತ್ಯುತ್ತಮ ಆಟಗಾರನೆಂದು ಪುರಸ್ಕೃತರಾದರು.

ಹುಟ್ಟಿದ ತಿಂಗಳ ಮಹಿಮೆ

ಕೆನಡಾದಲ್ಲಿ ಮಕ್ಕಳ ತಂಡಗಳನ್ನು ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಹುಟ್ಟಿದ ವರ್ಷದ ಆಧಾರದಲ್ಲಿ ವಿಂಗಡಿಸುವುದು ವಾಡಿಕೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ಸ್ಪರ್ಧಿಸುತ್ತಾರೆ. ಎಳೆಯ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಎತ್ತರ, ತೂಕ, ಬಲ ಎಲ್ಲದರಲ್ಲಿಯೂ ಅಂತರ. ದೊಡ್ಡವನಾಗಿ ಕಾಣುವವನು ಆಯ್ಕೆಯಾಗುತ್ತಾನೆ; ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯಗಳು; ಅದರಿಂದ ಅವನು ನಿಜವಾಗಿಯೂ ಮೇಲಾಗುತ್ತಾನೆ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿಯೇ, ಉನ್ನತ ಮಟ್ಟದ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರ ಸಂಖ್ಯೆ ಅಸಹಜವಾಗಿ ಹೆಚ್ಚಿರುವುದನ್ನು ತೋರಿಸಿಕೊಟ್ಟರು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ವರ್ಷದ ಉತ್ತರಾರ್ಧದಲ್ಲಿ ಹುಟ್ಟಿದ ಆಟಗಾರರನ್ನು ಅವರ ಮುಂದಿನ ಸಾಧನೆಗೆ ಹೋಲಿಸಿದರೆ ಡ್ರಾಫ್ಟಿನಲ್ಲಿ ತೀರ ತಡವಾಗಿ ಆರಿಸಲಾಗಿತ್ತೆಂದು ಸ್ಪಷ್ಟಪಡಿಸಿತು.

ಡ್ರಾಫ್ಟಿಗೂ ಒಂದು ಗಡಿ ದಿನವಿದೆ. ಆ ವರ್ಷದ ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬಬೇಕು. 2025ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು; ಹತ್ತು ದಿನಗಳ ಅಂತರದಲ್ಲಿ ಅರ್ಹನಾದ. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡೇ ದಿನಗಳ ಕಾರಣದಿಂದ ಒಂದು ವರ್ಷ ಕಾಯಬೇಕಾಯಿತು. ಆ ವರ್ಷವನ್ನು ಸ್ವಿಟ್ಜರ್ಲೆಂಡಿನ ಹಿರಿಯರ ಲೀಗಿನಲ್ಲಿ ಆಡಿ, 2016ರಲ್ಲಿ ಅಗ್ರಸ್ಥಾನ ಪಡೆದು, ತನ್ನ ಮೊದಲ ಪಂದ್ಯದಲ್ಲಿಯೇ ನಾಲ್ಕು ಗೋಲು ಹೊಡೆದ. ಇಬ್ಬರು ಹುಡುಗರನ್ನು ತೂಗುವಾಗ ತಿಂಗಳುಗಳನ್ನೂ ತೂಗಬೇಕೆಂಬುದು ಇದರಿಂದ ತಿಳಿಯುತ್ತದೆ.

ಬಲ್ಲವರೂ ಎಡವಿದ ಬಗೆ

ಈ ಪಂಡಿತರ ಕಣ್ಣು ಸುಳ್ಳೆಂದು ನಾವು ಹೇಳುತ್ತಿಲ್ಲ. 1984ರ ಮಾರಿಯೋ ಲೆಮ್ಯು, 2005ರ ಸಿಡ್ನಿ ಕ್ರಾಸ್ಬಿ, 2015ರ ಕಾನರ್ ಮೆಕ್‌ಡೇವಿಡ್ – ಮೊದಲಿಗರಾಗಿ ಆಯ್ಕೆಯಾದ ಇವರೆಲ್ಲರೂ ನಿರೀಕ್ಷೆಯನ್ನು ಪೂರೈಸಿದರು. ಆದರೆ 1993ರ ಮೊದಲಿಗ ಅಲೆಕ್ಸಾಂಡರ್ ಡೇಗಲ್ ಸಾಧಾರಣ ಆಟಗಾರನಾಗಿ ಉಳಿದ. ಎರಡನೆಯವನಾದ ಕ್ರಿಸ್ ಪ್ರಾಂಗರ್ ಲೀಗಿನ ಶ್ರೇಷ್ಠ ಆಟಗಾರರ ಸಾಲಿಗೆ ಸೇರಿದರು. 1998ರಲ್ಲಿ, ಭಾರತದಲ್ಲಿ ಹುಟ್ಟಿದ ತಂದೆಯ ಮಗನಾದ ಮ್ಯಾನಿ ಮಲ್ಹೋತ್ರಾ ಏಳನೆಯವರಾಗಿ ಆಯ್ಕೆಯಾಗಿ ಸುಮಾರು ಸಾವಿರ ಪಂದ್ಯಗಳ ಗೌರವಯುತ ವೃತ್ತಿಜೀವನ ನಡೆಸಿದರು. ಅದೇ ಡ್ರಾಫ್ಟಿನಲ್ಲಿ 171ನೆಯವರಾಗಿ ಆಯ್ಕೆಯಾದ ರಷ್ಯದ ಪಾವೆಲ್ ದತ್ಸ್ಯುಕ್ ತಮ್ಮ ಕಾಲದ ಅತ್ಯಂತ ಜಾಣ ಆಟಗಾರರೆನಿಸಿದರು.

ಗೋಲ್‌ಕೀಪರುಗಳ ವಿಷಯದಲ್ಲಂತೂ ಊಹೆ ಇನ್ನೂ ಕಷ್ಟ. ಅವರು ತಡವಾಗಿ ಮಾಗುತ್ತಾರೆ. 2000ದಲ್ಲಿ ಒಬ್ಬ ಗೋಲ್‌ಕೀಪರನೇ ಮೊದಲಿಗನಾಗಿ ಆಯ್ಕೆಯಾಗಿದ್ದ. ಆದರೆ ಕೀರ್ತಿಶಾಲಿಗಳ ಸಭಾಂಗಣ ಸೇರಿದ್ದು 205ನೆಯವರಾಗಿ ಆಯ್ಕೆಯಾದ ಹೆನ್ರಿಕ್ ಲುಂಡ್‌ಕ್ವಿಸ್ಟ್. ಮಾರ್ಟಿನ್ ಸೇಂಟ್ ಲೂಯಿಯನ್ನು ಕುಳ್ಳನೆಂಬ ಕಾರಣಕ್ಕೆ ಯಾವ ತಂಡವೂ ಆರಿಸಲೇ ಇಲ್ಲ. 2004ರಲ್ಲಿ ಅವರು ಇಡೀ ಲೀಗಿನ ಅತ್ಯಮೂಲ್ಯ ಆಟಗಾರರಾದರು. 1989ರಲ್ಲಿ ಈ ಲೀಗಿನಲ್ಲಿ ಆಡಿದ ಭಾರತೀಯ ಮೂಲದ ಮೊದಲ ಆಟಗಾರ ರಾಬಿನ್ ಬಾವಾ ಕೂಡ ಡ್ರಾಫ್ಟಿನಲ್ಲಿ ಆಯ್ಕೆಯಾದವರಲ್ಲ.

ಗಾದೆಯ ಇನ್ನೊಂದು ಅರ್ಥ

ಹಾಗಾದರೆ ನಮ್ಮ ಗಾದೆ ಸುಳ್ಳೇ? ಹಾಗೇನೂ ಇಲ್ಲ. ಮೊಳಕೆಯಲ್ಲಿ ಸಿರಿ ಇರುತ್ತದೆ. ಆದರೆ ಎತ್ತರವೊಂದನ್ನೇ ಸಿರಿಯೆಂದು ತಿಳಿದರೆ ಮೊದಲು ಬಿತ್ತಿದ ಬೀಜವೇ ಗೆಲ್ಲುತ್ತದೆ. ಯಾವಾಗ ಬಿತ್ತಿದ್ದು, ಎಂತಹ ಮಣ್ಣು, ಬೇರು ಹೇಗಿದೆ ಎಂದು ಕೇಳಿದ ಮೇಲೆಯೇ ರೈತ ಬೆಳೆಯ ಮಾತಾಡುತ್ತಾನೆ. ನಮ್ಮ ಮಕ್ಕಳ ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬಂದಾಗಲೂ ಈ ಪ್ರಶ್ನೆಗಳನ್ನು ಕೇಳುವುದು ಲೇಸು.

ಮುಂದಿನ ವಾರ ವಾಚನಾಲಯದಲ್ಲಿ ಆ ಹಿರಿಯರಿಗೆ ಇಷ್ಟನ್ನೂ ಹೇಳಿ, ಮೊಮ್ಮಗ ಹುಟ್ಟಿದ್ದು ಯಾವ ತಿಂಗಳೆಂದು ಕೇಳಿದೆವು. “ಡಿಸೆಂಬರ್ ಕೊನೆಯ ವಾರ” ಎಂದವರು ತುಸು ಹೊತ್ತು ಸುಮ್ಮನಿದ್ದರು. ಅವನು ವೃತ್ತಿಪರ ಆಟಗಾರನಾಗುತ್ತಾನೆಂದು ನಾವು ಹೇಳಲಿಲ್ಲ. ಹಾಗೆ ಆಗುವವರು ಸಾವಿರಾರು ಹುಡುಗರಲ್ಲಿ ಬೆರಳೆಣಿಕೆಯಷ್ಟು ಮಂದಿ. ಹದಿನಾಲ್ಕರಲ್ಲಿ ಲೆಕ್ಕ ಮುಗಿಸುವುದು ಬೇಡ ಎಂದಷ್ಟೇ ಹೇಳಿದೆವು. “ಹಾಗಾದರೆ ಭಾನುವಾರದವರೆಗೆ ಕಾಯುವುದೇಕೆ, ಇವತ್ತೇ ಫೋನ್ ಮಾಡುತ್ತೇನೆ” ಎಂದು ಅವರು ಕನ್ನಡಕ ಸರಿಪಡಿಸಿಕೊಂಡು ಎದ್ದರು.