ಹೆಡ್‌ಫೋನ್, ಬಾಳೆಹಣ್ಣು ಮತ್ತು ಒಂದು ಹನಿ ರಕ್ತ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಮಂಗಳೂರು, ಗೋವಾಕ್ಕ ಕಟ್ಟಡ ಕೆಲಸಕ್ಕ ಹೋಗೋರು ಭಾಳ ಮಂದಿ. ಮಂಗಳೂರಿಗೆ 1990ರ ದಶಕದಿಂದ ಮಲೇರಿಯಾ ದೊಡ್ಡ ತಲೆನೋವು. ಅದಕ್ಕ ಊರಿಗೆ ಬಂದವರಿಗೆ ಚಳಿಜ್ವರ ಅಂದ್ರ ಲ್ಯಾಬಿನ್ಯಾಗ ನಾವು ಮೊದಲು ಕೇಳೋದು, ‘ಎಲ್ಲಿ ದುಡಿಯಾಕ ಹೋಗಿದ್ದಿ ತಮ್ಮಾ?’ ಅಂತ.

ಬೆರಳು ಚುಚ್ಚಿ ಒಂದೇ ಸ್ಲೈಡ್ ಮ್ಯಾಲೆ ಎರಡು ಲೇಪ ಮಾಡ್ತೀವಿ. ದಪ್ಪ ಲೇಪದಾಗ ಪರಾವಲಂಬಿ ಐತೋ ಇಲ್ಲೋ ಗೊತ್ತಾಗ್ತದ. ತೆಳು ಲೇಪದಾಗ ಯಾವ ಜಾತಿ ಅಂತ. ಬಣ್ಣ ಹಾಕಿ, ಎಣ್ಣೆ ಹನಿಸಿ, 100ಎಕ್ಸ್ ಮಸೂರದಲ್ಲಿ ನೋಡ್ಬೇಕು.

ಮೊದಲನೇ ಹಂತ ಉಂಗುರ: ಕೆಂಪು ರಕ್ತಕಣದೊಳಗೆ ನೀಲಿ ಬಳೆ, ಅದಕ್ಕೊಂದು ಕೆಂಪು ಚುಕ್ಕೆ. ಫಾಲ್ಸಿಪಾರಮ್ ಉಂಗುರ ಸಣ್ಣದು. ಕೆಲವದಕ್ಕ ಎರಡು ಚುಕ್ಕೆ, ಥೇಟ್ ನೀವು ಈಗ ಹಾಕ್ಕೊಂಡಿರೋ ಹೆಡ್‌ಫೋನ್! ವೈವ್ಯಾಕ್ಸ್ ಆದ್ರೆ ರಕ್ತಕಣವೇ ಊದಿರ್ತದ, ಒಳಗ ಗುಲಾಬಿ ಚುಕ್ಕಿ. ಉಂಗುರ ಬೆಳೆದು ಅಂಕುಡೊಂಕಾಗ್ತದ. ಆಮೇಲೆ ಒಡೆದು 12ರಿಂದ 24 ಮರಿಗಳ ಗೊಂಚಲು. ಈ ಸುತ್ತು ಸುಮಾರು 48 ತಾಸು. ಗೊಂಚಲು ಸಿಡಿದಾಗಲೇ ನಡುಕ.

ಫಾಲ್ಸಿಪಾರಮ್ ಮೋಸಗಾರ. ಬೆಳೆದ ಹಂತಗಳು ಮಿದುಳಿನಂಥ ಅಂಗಗಳ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡು ಕೂಡ್ತಾವು. ಬೆರಳಿನ ರಕ್ತದಲ್ಲಿ ಸಾಮಾನ್ಯವಾಗಿ ಉಂಗುರ, ಇಲ್ಲಾ ಬಾಳೆಹಣ್ಣಿನ ಆಕಾರದ ಗ್ಯಾಮಿಟೋಸೈಟ್ ಅಷ್ಟೇ. ಸ್ಲೈಡಿನಲ್ಲಿ ನಾಲ್ಕೇ ಕಂಡವು ಅಂತ ಸುಮ್ಮನಿರಂಗಿಲ್ಲ. ಈ ಬಾಳೆಹಣ್ಣೇ ಸೊಳ್ಳೆಗೆ ಹೋಗೋ ಹಂತ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿಯನ್ನು ಕಂಡದ್ದು.

ಕಲಿಯೋವಾಗ ನಾನೊಮ್ಮೆ ರಕ್ತಕಣದ ಮ್ಯಾಲೆ ಕುಂತಿದ್ದ ಪ್ಲೇಟ್‌ಲೆಟ್ ನೋಡಿ ‘ಉಂಗುರ’ ಅಂತ ಬರೆದುಬಿಟ್ಟೆ. ಹಿರಿಯ ಅಕ್ಕಾರು ಫೋಕಸ್ ಮ್ಯಾಲೆ-ಕೆಳಗ ತಿರುಗಿಸಿದರು. ‘ನೋಡವಾ, ಇದು ಕಣದ ಒಳಗಿಲ್ಲ, ಮ್ಯಾಲೈತಿ. ನೀಲಿ ಎಲ್ಲೈತಿ?’ ಇನ್ನೊಂದು ಮಾತೂ ಹೇಳಿದರು: ದಪ್ಪ ಲೇಪದಲ್ಲಿ ಕನಿಷ್ಠ 100 ಜಾಗ ನೋಡದೆ ‘ಇಲ್ಲ’ ಅಂತ ಬರೀಬ್ಯಾಡ. ಆ ಹುಡುಗನ ರಿಪೋರ್ಟ್ ಹೊರಗ ಹೋಗಿರಲಿಲ್ಲ, ಪುಣ್ಯಾ.

ಜಾತಿ ಯಾಕ ಬೇಕು ಅಂದ್ರ, ಔಷಧಿ ಬ್ಯಾರೆ. ವೈವ್ಯಾಕ್ಸ್‌ಗೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ ವೈದ್ಯರು ಸಾಮಾನ್ಯವಾಗಿ 14 ದಿನ ಪ್ರೈಮಾಕ್ವಿನ್ ಕೊಡ್ತಾರ. ಯಾಕಂದ್ರ ಅದರ ಒಂದು ರೂಪ ಯಕೃತ್ತಿನಾಗ ಮಲಗಿರ್ತದ. ಅದು ಮಾತ್ರ ನನ್ನ ಸ್ಲೈಡಿನ್ಯಾಗ ಎಂದೂ ಕಾಣಂಗಿಲ್ಲ. ಜ್ವರ ಬಿಟ್ಟಿತು ಅಂತ ನಾಲ್ಕನೇ ದಿನಕ್ಕ ಮಾತ್ರೆ ಬಿಟ್ಟು ಮಂಗಳೂರು ಬಸ್ ಹತ್ತಿದವರು, ತಿಂಗಳುಗಳಾದ ಮ್ಯಾಲೆ ಅದೇ ನಡುಕದಲ್ಲಿ ಬೆರಳು ಚಾಚ್ತಾರ.