ನೀರಲ್ಲಿ ಹುಟ್ಟಿ ನೀರಿಗೆ ಹೆದರುವ ಬಣ್ಣ

ಚನ್ನಗಿರಿ ಸೀಮೆಯ ಅಡಿಕೆ ಹಂಡೆಯಲ್ಲಿ ಉಳಿಯುವ ಚೊಗರು ಬಟ್ಟೆಗೆ ಬಣ್ಣವಾದ ಬಗೆ, ಅದನ್ನು ಕೂಡಿಡುವ ಕಷ್ಟ

ಸೆಪ್ಟೆಂಬರ್ ಬಂತೆಂದರೆ ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಗೊನೆ ಇಳಿಸುವವರು ತೋಟದಲ್ಲಿ, ಸುಲಿಯುವವರು ಮನೆಯಂಗಳದಲ್ಲಿ, ಬೇಯಿಸುವವರು ಹಂಡೆಯ ಮುಂದೆ. ಮೊದಲು ಮೆಟ್ಟುಗತ್ತಿಯ ಮೇಲೆ ಕೂತು ರಾತ್ರಿಯಿಡೀ ಸುಲಿಯುತ್ತಿದ್ದ ಕೆಲಸವನ್ನು ಈಗ ಹೆಚ್ಚಿನ ಕಡೆ ಯಂತ್ರ ಮಾಡುತ್ತದೆ. ಬೇಯಿಸುವ ಕ್ರಮ ಮಾತ್ರ ಅಷ್ಟಾಗಿ ಬದಲಾಗಿಲ್ಲ. ಸುಲಿದ ಹಸಿ ಅಡಿಕೆಯನ್ನು ಕುದಿಯುವ ನೀರಿಗೆ ಸುರಿದು, ಅದರ ಕಣ್ಣು ಕಳಚುವವರೆಗೆ ಬೇಯಿಸಿ, ಮೇಲೆತ್ತಿ ಕಣಕ್ಕೆ ಹರವುತ್ತಾರೆ. ಅಡಿಕೆ ಹೋದ ಮೇಲೆ ಹಂಡೆಯಲ್ಲಿ ಕೆಂಪು ನೀರು ಉಳಿಯುತ್ತದೆ. ಅದೇ ಚೊಗರು.

ಆ ನೀರನ್ನು ಯಾರೂ ಒಂದೇ ಸಲಕ್ಕೆ ಚೆಲ್ಲುವುದಿಲ್ಲ. ಮುಂದಿನ ಅಡಿಕೆಯೂ ಅದರಲ್ಲೇ ಬೇಯುತ್ತದೆ, ಅದರ ಮುಂದಿನದೂ ಅದರಲ್ಲೇ. ಹಂಡೆ ಇಳಿದಷ್ಟೂ ಚೊಗರು ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದ ಕಳಿಯನ್ನು ಬೆಂದ ಅಡಿಕೆಗೆ ಹಚ್ಚಿದರೆ ಒಣಗಿದ ಮೇಲೆ ಹೊಳಪು ಬರುತ್ತದೆ. ಮಾರುಕಟ್ಟೆಯಲ್ಲಿ ‘ರಾಶಿ’ ಎಂಬ ದರ್ಜೆಯ ಅಡಿಕೆಗೆ ಬೆಲೆ ತರುವುದರಲ್ಲಿ ಈ ಕೆಂಪಿನ ಪಾಲು ದೊಡ್ಡದು. ಕಳಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಚರಂಡಿಗೆ ಬಿಡುವುದು ಬಹಳ ಕಾಲದ ರೂಢಿ. ಹಾಗೆ ಹರಿದು ಹೋಗುತ್ತಿದ್ದದ್ದೇ ಇಂದು ಕೈಮಗ್ಗದ ಸೀರೆ, ಜುಬ್ಬಗಳಿಗೆ ಬಣ್ಣ. ಆದರೆ ಈ ಬಣ್ಣವನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಟ್ಟು ದೂರದ ಊರಿಗೆ ಕಳಿಸುವುದು ಹೇಗೆ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಎಳೆಯ ಕಾಯಿಯ ಒಗರು

ಅಡಿಕೆಯ ಒಗರಿಗೂ ಬಣ್ಣಕ್ಕೂ ಕಾರಣ ಒಂದೇ, ಟ್ಯಾನಿನ್. ಕಾಯಿ ಎಳೆಯದಿದ್ದಷ್ಟೂ ಟ್ಯಾನಿನ್ ಹೆಚ್ಚು, ಹಣ್ಣಾಗುತ್ತ ಹೋದಂತೆ ಕಡಿಮೆ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಸಿಪ್ಪೆಸಮೇತ ತಿಂಗಳುಗಟ್ಟಲೆ ಒಣಗಿಸಿ ಚಾಲಿ ಮಾಡುತ್ತಾರೆ, ಅಲ್ಲಿ ಬೇಯಿಸುವ ಮಾತಿಲ್ಲ, ಹಾಗಾಗಿ ಚೊಗರೂ ಇಲ್ಲ. ಮಲೆನಾಡು ಮತ್ತು ಅದರ ಸೆರಗಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಹಸಿರು ಕಾಯಿಯನ್ನೇ ಇಳಿಸಿ ಬೇಯಿಸುವುದರಿಂದ ಒಗರೆಲ್ಲ ನೀರಿಗಿಳಿಯುತ್ತದೆ. ಕುದಿತದಲ್ಲಿ, ಆಮೇಲೆ ಗಾಳಿ ಬಿಸಿಲುಗಳಲ್ಲಿ, ಟ್ಯಾನಿನ್‌ನ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಕೆಂಪೇರುತ್ತವೆ. ಹೆಚ್ಚು ಬೆಸೆದ ಭಾಗ ಮತ್ತೆ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಬಟ್ಟೆಗೆ ಹತ್ತಿದ ಬಣ್ಣ ಒಗೆತಕ್ಕೆ ತಡೆಯಲು ಅದೂ ಒಂದು ಕಾರಣ.

ಚೊಗರಿನ ಗುಣ ಅದಕ್ಕೆ ಜೊತೆಯಾಗುವ ವಸ್ತುವಿನ ಮೇಲೂ ನಿಂತಿದೆ. ಪಟಿಕ ಸೇರಿಸಿದರೆ ತಿಳಿಗಂದು, ಸುಣ್ಣ ತಾಗಿದರೆ ಕೆಂಪು, ಅನ್ನಭೇದಿ ಬಿದ್ದರೆ ಬೂದಿಯಿಂದ ಕಪ್ಪಿನವರೆಗೆ. ಅನ್ನಭೇದಿಯೆಂದರೆ ಕಬ್ಬಿಣದ ಲವಣ. ಕಬ್ಬಿಣ ಮತ್ತು ಟ್ಯಾನಿನ್ ಸೇರಿದ ಕಪ್ಪು ನಮ್ಮ ಹಳೆಯ ಶಾಯಿಯ ಕಪ್ಪೂ ಹೌದು. ಚೊಗರನ್ನು ಬರಿಯ ಕಬ್ಬಿಣದ ಪೀಪಾಯಿಯಲ್ಲಿ ತುಂಬಿಟ್ಟರೆ ಕೆಂಪು ಕೆಟ್ಟು ಕರ್ರಗಾಗುವುದು ಇದೇ ಕಾರಣಕ್ಕೆ. ಹಿಂದಿನವರು ಅಡಿಕೆಗೆ ತಾಮ್ರದ ಹಂಡೆ ಹುಡುಕುತ್ತಿದ್ದದ್ದು ಬರೀ ಪ್ರತಿಷ್ಠೆಗಲ್ಲ.

ಗದ್ದೆ ತೋಟವಾದ ಕಾಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು, ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯೊಳಗೆ ಬಂದು ಸುಮಾರು ಮೂರು ದಶಕವಾಯಿತು. 1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು. ಅವರದೇ ತಾಲ್ಲೂಕು ಚನ್ನಗಿರಿ ಮತ್ತು ಪಕ್ಕದ ಹೊನ್ನಾಳಿ ಅದುವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಪಡುವಲಿನಿಂದ ಮೂಡಲಿಗೆ ಹೊರಟರೆ ಮಲೆನಾಡಿನ ತಂಪು ಕಳೆಯುತ್ತ ಕಳೆಯುತ್ತ ಜಗಳೂರಿನ ಬಿಸಿಲಿಗೆ ಮುಟ್ಟುತ್ತೇವೆ. ಮಳೆ ಕಡಿಮೆಯಾಗುತ್ತದೆ, ಗಾಳಿಯ ತೇವವೂ ಇಳಿಯುತ್ತದೆ.

ಚನ್ನಗಿರಿಯ ಅಡಿಕೆಯ ಹಿಂದೆ ಸೂಳೆಕೆರೆಯ ನೀರಿದೆ, 1960ರ ದಶಕದಲ್ಲಿ ಪೂರ್ಣವಾದ ಭದ್ರಾ ಜಲಾಶಯದ ನಾಲೆಯಿದೆ, ಆಮೇಲೆ ಬಂದ ಕೊಳವೆಬಾವಿಗಳಿವೆ. ಭತ್ತದ ಗದ್ದೆಗಳು ಒಂದೊಂದಾಗಿ ತೋಟವಾದವು. ಹೊನ್ನಾಳಿ, ನ್ಯಾಮತಿಗಳಲ್ಲೂ ಅದೇ ಕತೆ. ಬರದ ಹೆಸರಿನೊಂದಿಗೇ ಬೆಳೆದ ಜಗಳೂರಿನಲ್ಲೂ ತುಂಗಭದ್ರೆಯ ನೀರಿನಿಂದ 57 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಅಲ್ಲಲ್ಲಿ ಅಡಿಕೆ ಸಸಿಗಳು ಕಾಣತೊಡಗಿವೆ.

ಬೆಳೆ ಹೆಚ್ಚಿದಂತೆ ಅದನ್ನು ಹಸಿಯಾಗಿಯೇ ಕೊಂಡು ಬೇಯಿಸಿ ಒಣಗಿಸುವ ಚೇಣಿದಾರರೂ ಹೆಚ್ಚಿದರು. ಶಿವಮೊಗ್ಗದಲ್ಲಿ 1939ರಲ್ಲಿ ಹುಟ್ಟಿದ ಸಹಕಾರ ಸಂಘ ಮ್ಯಾಮ್ಕೋಸ್ ಮಲೆನಾಡಿನ ಬೆಳೆಗಾರರಿಗೆ ಮಾರಾಟದ ದಾರಿ ತೋರಿಸಿತ್ತು. ಚನ್ನಗಿರಿಯ ತುಮ್ಕೋಸ್ ಅದೇ ಮಾದರಿಯಲ್ಲಿ ಇಲ್ಲಿನ ರೈತರ ಅಡಿಕೆಯನ್ನು ಟೆಂಡರಿಗೆ ಇಟ್ಟು ಮಾರಿಸುವ ಸಹಕಾರ ಸಂಘವಾಗಿ ಬೆಳೆಯಿತು. ಹಂಡೆಗಳು ಒಂದೆಡೆ ಸೇರಿದಂತೆ ಚೊಗರೂ ಒಂದೆಡೆ ಸೇರಿತು. ಒಂದು ಮನೆಯ ಚೊಗರಾದರೆ ನಾಲ್ಕು ಕೊಡ. ಚೇಣಿ ಮನೆಯದಾದರೆ ಡ್ರಮ್ಮುಗಟ್ಟಲೆ.

ತೇವವೇ ಅಳತೆಗೋಲು

ಅಡಿಕೆ ವ್ಯಾಪಾರದಲ್ಲಿ ಕೊಳ್ಳುವವನು ಮೊದಲು ನೋಡುವುದು ಬಣ್ಣ, ಆಮೇಲೆ ತೇವ. ಅಡಕತ್ತರಿಯಲ್ಲಿ ಸೀಳಿ ಒಳಗು ನೋಡುತ್ತಾನೆ, ಮುಷ್ಟಿಯಲ್ಲಿ ಕುಲುಕಿ ಸದ್ದು ಕೇಳುತ್ತಾನೆ. ಆಹಾರ ಸುರಕ್ಷತಾ ನಿಯಮ ಒಣ ಅಡಿಕೆಯ ತೇವಾಂಶಕ್ಕೆ ಶೇ 7ರ ಮಿತಿ ಹಾಕಿದೆ. ನಮ್ಮ ಹವೆಯಲ್ಲಿ ಇದು ಕಷ್ಟ, ಮಿತಿಯನ್ನು ಸಡಿಲಿಸಬೇಕೆಂದು ಬೆಳೆಗಾರರ ಸಂಸ್ಥೆಗಳು ಕೇಳುತ್ತ ಬಂದಿವೆ. ಕೊಯ್ಲು ನಡೆಯುವುದೇ ಹಿಂಗಾರು ಕಣ್ಣಾಮುಚ್ಚಾಲೆಯಾಡುವ ತಿಂಗಳುಗಳಲ್ಲಿ. ಏಳೆಂಟು ಒಳ್ಳೆಯ ಬಿಸಿಲು ಬೇಕಾದ ಕಡೆ ಎರಡು ದಿನ ಮೋಡ ಕವಿದರೂ ಬೂಷ್ಟು ಹಿಡಿಯುತ್ತದೆ. ಒಣಗಿಸಿ ಚೀಲ ಕಟ್ಟಿದ ಮೇಲೂ ಅಡಿಕೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗೋಣಿಚೀಲದೊಳಗೆ ಪಾಲಿಥೀನ್ ಚೀಲ, ನೆಲಕ್ಕೆ ತಾಗದಂತೆ ಕೆಳಗೆ ಮರದ ಹಲಗೆ, ಗೋಡೆಗೆ ಒರಗದಂತೆ ನಡುವೆ ಅಂತರ, ಲಾರಿಯ ಮೇಲೆ ಎರಡು ಪದರ ತಾಡಪಾಲು. ಈ ಸಾಲು ಸಾಲು ಎಚ್ಚರಿಕೆಗಳು ಉತ್ತರ ಭಾರತಕ್ಕೆ ಹೊರಡುವ ಪ್ರತಿ ಲೋಡಿನ ಹಿಂದೆ ಇವೆ.

ಬಣ್ಣದ ಮೇಲೆ ಬೆಲೆ ನಿಂತಾಗ ಮೋಸಕ್ಕೂ ದಾರಿಯಾಗುತ್ತದೆ. ಕಳಪೆ ಅಡಿಕೆಗೆ ಚೊಗರನ್ನೇ ಮತ್ತೆ ಹಚ್ಚಿ ಕೆಂಪು ತರಿಸುವವರಿದ್ದಾರೆ. ಅದಕ್ಕೂ ಮುಂದೆ ಹೋಗಿ ರಾಸಾಯನಿಕ ಬಣ್ಣ ಬೆರೆಸುವವರ ದೂರುಗಳೂ ಮಾರುಕಟ್ಟೆಯಲ್ಲಿ ಕೇಳಿಬಂದಿವೆ. ಚೊಗರನ್ನು ಕೊಂಡು ಒಯ್ಯುವವರು ಇಲ್ಲಿ ಹೊಸಬರಲ್ಲ ಎಂದರ್ಥ. ಆದರೆ ಆ ಕೊಳ್ಳುವಿಕೆ ಒಂದು ಅಡಿಕೆಯ ಬಣ್ಣವನ್ನು ಇನ್ನೊಂದು ಅಡಿಕೆಗೆ ಹಚ್ಚುವುದಕ್ಕೆ. ಬಟ್ಟೆಗೆ ಬಣ್ಣ ಹಾಕುವವರು ಬೇರೊಂದು ದಾರಿಯಿಂದ ಬಂದರು. ಆ ದಾರಿ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡ್ರಮ್ಮಿನಲ್ಲಿ ಬಂದ ಬಣ್ಣಗಳು

ಲಂಡನ್ನಿನ ವಿಲಿಯಂ ಪರ್ಕಿನ್ 1856ರಲ್ಲಿ ಕಲ್ಲಿದ್ದಲ ಟಾರಿನಿಂದ ನೇರಳೆ ಬಣ್ಣ ತೆಗೆದದ್ದೇ ತಡ, ಗಿಡಮರಗಳ ಬಣ್ಣಕ್ಕೆ ಇಳಿಗಾಲ ಶುರುವಾಯಿತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಾರ್ಖಾನೆ ನೀಲಿಯನ್ನೂ ತಯಾರಿಸಿ ಮಾರತೊಡಗಿದ ಮೇಲೆ ಭಾರತದ ನೀಲಿ ಬೆಳೆ ಕುಸಿಯಿತು. ಹೈದರನ ಕಾಲದಿಂದ ಕಂಬಳಿ ವ್ಯಾಪಾರಕ್ಕೆ ಹೆಸರಾಗಿ, ಮುಂದೆ ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ದಾವಣಗೆರೆ ಬೆಳೆದದ್ದು ಈ ಹೊಸ ಬಣ್ಣಗಳ ಯುಗದಲ್ಲೇ.

ಹೊಸ ಬಣ್ಣಗಳು ಅಗ್ಗ, ಗಾಢ, ಪ್ರತಿಸಲವೂ ಒಂದೇ ಛಾಯೆ. ಆದರೆ ಅವಕ್ಕೂ ನೀರಿನ ಭಯ ತಪ್ಪಿಲ್ಲ. 1956ರಲ್ಲಿ ಇಂಗ್ಲೆಂಡಿನ ಐಸಿಐ ಮಾರುಕಟ್ಟೆಗೆ ತಂದ ರಿಯಾಕ್ಟಿವ್ ಬಣ್ಣಗಳು ಹತ್ತಿಯ ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವಂಥವು. ಗೋದಾಮಿನಲ್ಲಿ ತೇವ ತಾಗಿದರೆ ಅವು ನೂಲಿನ ಬದಲು ನೀರಿನೊಂದಿಗೇ ಬೆಸೆದುಕೊಂಡು ಬಿಡುತ್ತವೆ. ಪುಡಿ ನೋಡಲು ಹಾಗೆಯೇ ಇರುತ್ತದೆ, ಬಟ್ಟೆಗೆ ಮಾತ್ರ ಹತ್ತುವುದಿಲ್ಲ. ವ್ಯಾಟ್ ಬಣ್ಣಗಳನ್ನು ಕರಗಿಸಲು ಬಳಸುವ ಹೈಡ್ರೋಸ್ ಇನ್ನೂ ಅಪಾಯಕಾರಿ. ಬೆಲ್ಲ ಬೆಳ್ಳಗಾಗಲು ಹಾಕುತ್ತಾರೆಂದು ಮಂಡ್ಯದ ಕಡೆ ಕುಖ್ಯಾತವಾದ ಪುಡಿಯೂ ಇದೇ. ಡ್ರಮ್ಮಿನ ಮುಚ್ಚಳ ಸಡಿಲಾಗಿ ಸ್ವಲ್ಪ ನೀರು ಒಳಹೊಕ್ಕರೆ ಸಾಕು, ಅದು ತಾನಾಗಿ ಕಾದು ಘಾಟು ಹೊಗೆ ಬಿಟ್ಟು ಹೊತ್ತಿಕೊಳ್ಳಬಹುದು. ಹಾಗಾಗಿಯೇ ಅಂತರರಾಷ್ಟ್ರೀಯ ಸಾಗಣೆಯ ನಿಯಮಗಳು ಅದನ್ನು ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಸಾಲಿಗೆ ಸೇರಿಸಿವೆ. ಸಹಜ ಬಣ್ಣಗಾರರ ಅನ್ನಭೇದಿಯೂ ಸಾಧುವಲ್ಲ. ತೇವದ ಗಾಳಿಗೆ ಅದರ ಹಸಿರು ಹರಳಿನ ಮೇಲೆ ಕಂದು ಪೊರೆ ಕಟ್ಟುತ್ತದೆ, ಬಣ್ಣದ ಛಾಯೆ ತಪ್ಪುತ್ತದೆ.

ಹೆಗ್ಗೋಡಿನ ಪ್ರಯೋಗ

ಚೊಗರಿಗೆ ಬಟ್ಟೆಯ ದಾರಿ ತೆರೆದದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನ ಸುತ್ತ. ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ 1990ರ ದಶಕದಲ್ಲಿ ಅಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘ ಹುಟ್ಟಿಕೊಂಡಿತು. ಕೈಮಗ್ಗದ ಬಟ್ಟೆಗೆ ಸಹಜ ಬಣ್ಣವೇ ಬೇಕೆಂದು ಹೊರಟಾಗ ಕೈಗೆಟುಕಿದ್ದು ಸುತ್ತಲಿನ ಅಡಿಕೆ ಮನೆಗಳ ಚೊಗರು. ಜೊತೆಗೆ ಅಳಲೆಕಾಯಿ, ದಾಳಿಂಬೆ ಸಿಪ್ಪೆ, ನೀಲಿ. ಆ ಬಟ್ಟೆ ‘ದೇಸಿ’ ಅಂಗಡಿಗಳ ಮೂಲಕ ಬೆಂಗಳೂರಿನವರ ಮೈಮೇಲೆ ಬಂತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜವಳಿ ವಿಭಾಗದವರೂ ಚೊಗರಿನ ಬಣ್ಣವನ್ನು ಪರೀಕ್ಷೆಗೆ ಒಡ್ಡಿದರು.

ಚೊಗರಿನ ಈ ಬಳಕೆಗೆ ಇನ್ನೊಂದು ಮಹತ್ವವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಅಂದಿನಿಂದ ಅಡಿಕೆಗೆ ಅಗಿಯುವುದರ ಆಚೆಗಿನ ಬಳಕೆ ಹುಡುಕಬೇಕೆಂಬ ಮಾತು ಸಭೆ ಸಭೆಗಳಲ್ಲಿ ಕೇಳುತ್ತಿದೆ. ಆಗಲೇ ಸಿದ್ಧವಿರುವ ಅಂಥ ಬಳಕೆಗಳಲ್ಲಿ ಚೊಗರಿನ ಬಣ್ಣ ಒಂದು. ಕಾಯಿಯನ್ನು ಕಳೆದುಕೊಳ್ಳದೆ ಸಿಗುವಂಥದ್ದು.

ಹೆಗ್ಗೋಡಿನಲ್ಲಿ ಮಗ್ಗವೂ ಹಂಡೆಯೂ ನೆರೆಹೊರೆ. ಚನ್ನಗಿರಿಯಲ್ಲಿ ಹಾಗಲ್ಲ. ಇಲ್ಲಿ ಹಂಡೆಗಳು ಎಷ್ಟೋ ಪಾಲು ಹೆಚ್ಚು, ಬಣ್ಣ ಬೇಡುವ ಮಗ್ಗಗಳು ದೂರ. ಅಂದರೆ ಇಲ್ಲಿನ ಚೊಗರು ಬಣ್ಣವಾಗಬೇಕಾದರೆ ಕೆಡದೆ ಪ್ರಯಾಣ ಮಾಡಬೇಕು.

ಮೂರು ರೂಪ, ಮೂರು ತೊಡಕು

ಚೊಗರನ್ನು ನೀರಾಗಿಯೇ ಸಾಗಿಸಬಹುದು. ಆಗ ಲಾರಿ ಹೊರುವುದು ಬಹುಪಾಲು ನೀರನ್ನೇ, ಬಾಡಿಗೆಯೂ ನೀರಿನದೇ. ಟ್ಯಾನಿನ್ ಇದ್ದರೂ ಅಡಿಕೆಯಿಂದಿಳಿದ ಸಕ್ಕರೆ, ಪಿಷ್ಟಗಳೂ ಅದರಲ್ಲಿರುವುದರಿಂದ ದಿನ ಕಳೆದಂತೆ ಹುಳಿಯುತ್ತದೆ, ಮೇಲೆ ಬೂಷ್ಟು ಕಟ್ಟುತ್ತದೆ. ಪ್ಲಾಸ್ಟಿಕ್ ಡ್ರಮ್ಮು ಕಬ್ಬಿಣದ ಕಪ್ಪನ್ನು ತಪ್ಪಿಸುತ್ತದೆ, ಹುಳಿಯನ್ನಲ್ಲ.

ಕಾಸಿ ಗಟ್ಟಿ ಮಾಡಿದರೆ ಹೊರೆ ಇಳಿಯುತ್ತದೆ, ಬಾಳಿಕೆ ಹೆಚ್ಚುತ್ತದೆ. ಬರ್ಮಾದವರು ಕಗ್ಗಲಿ ಮರದ ಕಾಚನ್ನು ಹೀಗೆಯೇ ಲೋಕಕ್ಕೆ ಕಳಿಸಿದರು. ಚೆಕ್ಕೆಯನ್ನು ಕುದಿಸಿ, ರಸವನ್ನು ಬತ್ತಿಸಿ, ಎಲೆ ಹಾಸಿದ ಚೌಕಟ್ಟಿಗೆ ಸುರಿದು ಗಟ್ಟಿಯಾದ ಮೇಲೆ ಕಟ್ಟಿ ಹಡಗು ಹತ್ತಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಬೆಸ್ತರ ಬಲೆ, ದೋಣಿಯ ಹಾಯಿಗಳಿಗೆ ಕಂದು ಬಣ್ಣ ಕೊಟ್ಟದ್ದು ಆ ಕಾಚು. ಆದರೆ ಗಟ್ಟಿ ಹೆಂಟೆಯನ್ನು ಒಡೆದು ಕರಗಿಸುವುದು ಬಣ್ಣಗಾರನಿಗೆ ತ್ರಾಸು. ಬೆಂಕಿ ಜೋರಾಗಿ ತಳ ಹಿಡಿದರಂತೂ ಬಣ್ಣವೇ ಕೆಡುತ್ತದೆ.

ಮೂರನೆಯದು ಪುಡಿ. ದಕ್ಷಿಣ ಆಫ್ರಿಕದ ವಾಟಲ್ ತೊಗಟೆ, ಅರ್ಜೆಂಟೀನಾದ ಕೆಬ್ರಾಚೊ ಮರ ಇವುಗಳ ಟ್ಯಾನಿನ್ ಇಂದು ಜಗತ್ತಿನ ಚರ್ಮೋದ್ಯಮಕ್ಕೆ ಪುಡಿಯ ರೂಪದಲ್ಲೇ ಹೋಗುತ್ತದೆ. ಬಿಸಿಗಾಳಿಯಲ್ಲಿ ತುಂತುರು ಹಾರಿಸಿ ಒಣಗಿಸಿದ ಈ ಪುಡಿ ಚೀಲ ಬಿಚ್ಚಿದೊಡನೆ ಗಾಳಿಯ ತೇವ ಹೀರಿ ಗಂಟು ಕಟ್ಟತೊಡಗುತ್ತದೆ, ಮಳೆಗಾಲದಲ್ಲಿ ತೆರೆದಿಟ್ಟ ಬೆಲ್ಲದ ಪುಡಿಯ ಹಾಗೆ. ಹಾಗಾಗಿ ಒಳಗೆ ಗಾಳಿಯಾಡದ ಪದರ, ಹೊರಗೆ ಗಟ್ಟಿ ಚೀಲ, ಹಡಗಿನ ಕಂಟೇನರ್‌ನಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣಗಳು. ಹಗಲು ಕಾದು ರಾತ್ರಿ ತಣಿಯುವ ಕಂಟೇನರ್‌ನ ಚಾವಣಿಯಲ್ಲಿ ಹನಿಗೂಡಿ ಒಳಗೇ ಮಳೆ ಬೀಳುತ್ತದೆ. ಸಾಗಣೆಯವರ ದೊಡ್ಡ ತಲೆನೋವು ಅದೇ.

ಎಲ್ಲಿ ಒಣಗಿಸಬೇಕು

ಕೊಯ್ಲಿನ ತಿಂಗಳುಗಳಲ್ಲಿ ಚನ್ನಗಿರಿಯ ಬಿಸಿಲು ಅಡಿಕೆಗೇ ಸಾಲದು. ಅಲ್ಲಿಂದ ನೂರರ ಆಸುಪಾಸು ಕಿಲೋಮೀಟರ್ ದೂರದ ಜಗಳೂರಿನಲ್ಲಿ ಫೆಬ್ರುವರಿಯಿಂದ ಮೇ ತನಕ ಬಿಸಿಲಿಗೆ ಬರವಿಲ್ಲ, ಗಾಳಿಯೂ ಒಣಗಿರುತ್ತದೆ. ಕೊಂಡುಕುರಿಗೆ ಹೆಸರಾದ ರಂಗಯ್ಯನದುರ್ಗದ ಕುರುಚಲು ಕಾಡಿನ ಸೀಮೆ ಅದು. ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ನೋಡಿದರೆ ಕೆಲಸ ಹಂಚುವ ದಾರಿ ಕಾಣುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಬೇಯಿಸುವ ಮನೆಗಳಲ್ಲೇ, ಅಡಿಕೆ ಸಿಪ್ಪೆ ಉರಿಸುವ ಅದೇ ಒಲೆಯ ಉಳಿಕೆ ಶಾಖದಲ್ಲಿ, ಚೊಗರನ್ನು ಮಂದ ಕಾವಿಗೆ ಕಳಿಯಾಗಿಸಬೇಕು. ನೀರನ್ನು ಊರಿನಿಂದೂರಿಗೆ ಹೊರುವ ಖರ್ಚು ಅಲ್ಲೇ ಉಳಿಯುತ್ತದೆ. ಕೊನೆಯ ಒಣಗಿಸುವಿಕೆ, ಪುಡಿ, ದಾಸ್ತಾನು ಜಗಳೂರಿನ ಕಡೆಗೆ. ಅಡಿಕೆಯ ತೇವ ನೋಡಿ ದರ್ಜೆ ಕಟ್ಟುವ ಅಭ್ಯಾಸ ನಮ್ಮ ಸಹಕಾರ ಸಂಘಗಳಿಗೆ ಇದ್ದೇ ಇದೆ. ಚೊಗರಿಗೂ ಹಾಗೆ ದರ್ಜೆ ಬೇಕು. ಎಷ್ಟು ಟ್ಯಾನಿನ್, ಎಷ್ಟು ತೇವ, ಬೇರೆ ಬಣ್ಣದ ಬೆರಕೆ ಇಲ್ಲವೇ ಎಂದು ಬರೆದುಕೊಡದ ಚೀಲವನ್ನು ದೂರದ ಬಣ್ಣಗಾರ ಎರಡನೇ ಸಲ ಕೊಳ್ಳುವುದಿಲ್ಲ.

ಬಟ್ಟೆಯ ಬಣ್ಣ ಪಾನ್ ಮಸಾಲೆಯ ಮಾರುಕಟ್ಟೆಗೆ ಸಮನಾದೀತೆಂದು ಯಾರೂ ಲೆಕ್ಕ ಹಾಕಬೇಕಿಲ್ಲ. ಸಹಜ ಬಣ್ಣದ ಬಟ್ಟೆ ಕೊಳ್ಳುವವರು ಕಡಿಮೆ, ಕೈಮಗ್ಗ ನೇಯುವುದೂ ನಿಧಾನ. ಆದರೆ ಇಲ್ಲಿ ಹೊಸ ತೋಟ ಬೇಡ, ಹೊಸ ನೀರು ಬೇಡ, ಹೊಸ ಬೆಂಕಿಯೂ ಹೆಚ್ಚು ಬೇಡ. ಚರಂಡಿಗೆ ಬಿಟ್ಟರೆ ಹಳ್ಳದ ನೀರು ಕೆಡಿಸುವ ವಸ್ತುವಿಗೆ ಬೆಲೆ ಬಂದರೆ ಅಷ್ಟೇ ಲಾಭ. ಅಡಿಕೆಯ ಧಾರಣೆ ಏರಿದ ವರ್ಷ ಚೊಗರು ಯಾರಿಗೂ ನೆನಪಾಗುವುದಿಲ್ಲ, ಬಿದ್ದ ವರ್ಷ ಎಲ್ಲರಿಗೂ ನೆನಪಾಗುತ್ತದೆ. ಕಳಿ ಕಾಸುವ ಒಲೆ, ತೇವ ಅಳೆಯುವ ಯಂತ್ರ, ಒಳಪದರದ ಚೀಲಗಳನ್ನು ಧಾರಣೆ ಚೆನ್ನಾಗಿರುವಾಗಲೇ ಹೊಂದಿಸಿಕೊಳ್ಳುವುದು ಜಾಣತನ. ದರ ಕುಸಿದ ಮೇಲೆ ಅದಕ್ಕೆ ಹಾಕಲು ಯಾರ ಕೈಯಲ್ಲೂ ಕಾಸಿರುವುದಿಲ್ಲ.